ಮೂರು ಗೈಡು, ಮೂರು ಉತ್ತರ: ಚಂಡಮಾರುತ ಮತ್ತು ಅಳಿವಿನಂಚಿನ ಹಕ್ಕಿಗಳ ಪ್ರಶ್ನೆಗೆ ಹೇಗೆ ಓದಬೇಕು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಕೆಎಎಸ್ ಪೂರ್ವಭಾವಿ ಪರೀಕ್ಷೆಗೆ ಎರಡನೇ ಸಲ ಓದುತ್ತಿದ್ದೇನೆ. ಇತಿಹಾಸ, ಸಂವಿಧಾನ ಹೇಗೋ ಬರುತ್ತದೆ. ಆದರೆ ಚಂಡಮಾರುತ ಮತ್ತು ಅಳಿವಿನಂಚಿನ ಹಕ್ಕಿಗಳ ಪ್ರಶ್ನೆ ಬಂದರೆ ಹತ್ತರಲ್ಲಿ ಆರು ತಪ್ಪುತ್ತವೆ. ನನ್ನ ಹತ್ತಿರ ಮೂರು ಗೈಡುಗಳಿವೆ. ಚಂಡಮಾರುತಕ್ಕೆ ಹೆಸರು ಕೊಡುವುದು 8 ದೇಶ ಅಂತ ಒಂದರಲ್ಲಿದೆ, 13 ಅಂತ ಇನ್ನೊಂದರಲ್ಲಿದೆ. ಫಾರೆಸ್ಟ್ ಔಲೆಟ್ ಗೂಬೆ ಒಂದರಲ್ಲಿ ‘ತೀವ್ರ ಅಳಿವಿನಂಚು’, ಇನ್ನೊಂದರಲ್ಲಿ ಬರೀ ‘ಅಳಿವಿನಂಚು’. ನವಿಲು ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಹಾಗಾಗಿ ಅದೂ ಅಳಿವಿನಂಚಿನ ಹಕ್ಕಿ ಅಂತ ಗೆಳತಿ ವಾದ ಮಾಡುತ್ತಾಳೆ. ಗಾಳಿ ಯಾವ ಕಡೆ ತಿರುಗುತ್ತದೆ ಅನ್ನುವುದಂತೂ ಪ್ರತಿ ಸಲವೂ ಉಲ್ಟಾ ಬರೆಯುತ್ತೇನೆ. ಇನ್ನು ಎರಡು ತಿಂಗಳಿದೆ. ಎಲ್ಲ ಪಟ್ಟಿಯನ್ನೂ ಬಾಯಿಪಾಠ ಮಾಡಲೇ, ಇಲ್ಲ ಈ ಭಾಗವನ್ನೇ ಬಿಟ್ಟುಬಿಡಲೇ? ಇನ್ನೊಂದು ವಿಷಯ. ನಮ್ಮಪ್ಪ ಚಿಕ್ಕವರಿದ್ದಾಗ ರಾಣೆಬೆನ್ನೂರಿನ ಹತ್ತಿರ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯನ್ನು ನೋಡಿದ್ದಾರಂತೆ. ಗೈಡಿನಲ್ಲಿ ರಾಜಸ್ಥಾನ ಅಂತ ಮಾತ್ರ ಇದೆ. ಯಾವುದು ಸರಿ?

ಉತ್ತರ: ನಿಮ್ಮ ಪತ್ರ ಓದಿ ನನಗೆ ನನ್ನ ಹಳೇ ನೋಟ್‌ಬುಕ್ ಒಂದು ನೆನಪಾಯಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಭೂಗೋಳ ಹೇಳಿಕೊಡಲು ಶುರು ಮಾಡಿದಾಗಿನಿಂದ ಇಟ್ಟುಕೊಂಡಿದ್ದು. ಅದರಲ್ಲಿ ಹಕ್ಕಿಗಳ ಪುಟವೊಂದಿದೆ. ಒಂದೊಂದು ಹೆಸರಿನ ಮುಂದೆ ಬರೆದದ್ದನ್ನು ಹೊಡೆದು, ಪಕ್ಕದಲ್ಲಿ ಬರೆದು, ಅದನ್ನೂ ಹೊಡೆದು, ಕೊನೆಗೆ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೇನೆ. ಫಾರೆಸ್ಟ್ ಔಲೆಟ್ ಸಾಲಿನಲ್ಲಿ ನೀಲಿ, ಕಪ್ಪು, ಕೆಂಪು ಮೂರೂ ಶಾಯಿ ಇದೆ. ಅಂದರೆ ನಿಮ್ಮ ಗೈಡುಗಳು ಸುಳ್ಳು ಹೇಳುತ್ತಿಲ್ಲ. ಒಂದೊಂದೂ ಒಂದೊಂದು ವರ್ಷದ ಸತ್ಯ ಹೇಳುತ್ತಿದೆ, ಆದರೆ ಆ ವರ್ಷ ಯಾವುದು ಅಂತ ಹೇಳುವುದಿಲ್ಲ. ನಿಮ್ಮ ತೊಂದರೆ ಅರ್ಧಕ್ಕರ್ಧ ಇಷ್ಟೇ.

ಈ ಎರಡು ವಿಷಯಗಳಲ್ಲೂ ಎರಡು ಬಗೆಯ ಸಂಗತಿಗಳಿವೆ. ಕೆಲವು ಅಲುಗಾಡುವುದಿಲ್ಲ: ಗಾಳಿ ಯಾಕೆ ತಿರುಗುತ್ತದೆ, ಹಕ್ಕಿಗೆ ‘ತೀವ್ರ ಅಳಿವಿನಂಚು’ ಅಂತ ಯಾವ ಲೆಕ್ಕದ ಮೇಲೆ ಹೇಳುತ್ತಾರೆ. ಇನ್ನು ಕೆಲವು ಓಡಾಡುತ್ತಲೇ ಇರುತ್ತವೆ: ಹೆಸರು, ಸಂಖ್ಯೆ, ದರ್ಜೆ. ಮೊದಲನೆಯದನ್ನು ಅರ್ಥ ಮಾಡಿಕೊಳ್ಳಬೇಕು. ಎರಡನೆಯದನ್ನು ಇಸವಿ ಸಮೇತ ಬರೆದಿಟ್ಟುಕೊಳ್ಳಬೇಕು. ನೀವು ಎರಡನ್ನೂ ಕಲಸಿ ಬಾಯಿಪಾಠ ಮಾಡುತ್ತಿದ್ದೀರಿ ಅಂತ ನನ್ನ ಅನುಮಾನ.

ಮೊದಲು ಗಾಳಿಯ ದಿಕ್ಕು ಮುಗಿಸಿಬಿಡೋಣ. ಇದರಲ್ಲಿ ಎಡವುವವರು ನೀವೊಬ್ಬರೇ ಅಲ್ಲ. ಉತ್ತರ ಗೋಳಾರ್ಧದಲ್ಲಿ ಚಲಿಸುವ ಗಾಳಿ ತನ್ನ ಬಲಕ್ಕೆ ವಾಲುತ್ತದೆ ಅಂತ ಎಲ್ಲರಿಗೂ ಗೊತ್ತು, ಕೊರಿಯೊಲಿಸ್ ಬಲ ಅಂತ ಪಾಠದಲ್ಲೇ ಇದೆ. ಬಲಕ್ಕೆ ಅಂದ ಕೂಡಲೇ ತಲೆ ‘ಹಾಗಾದರೆ ಪ್ರದಕ್ಷಿಣೆ’ ಅಂತ ಹೇಳಿಬಿಡುತ್ತದೆ. ತಪ್ಪಾಗುವುದು ಅಲ್ಲೇ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ಗರ್ಭಗುಡಿ ನಿಮ್ಮ ಯಾವ ಕೈ ಕಡೆ ಇರುತ್ತದೆ? ಬಲಗೈ ಕಡೆ, ಅಲ್ವಾ? ಈಗ ಗಾಳಿಯನ್ನು ನೋಡಿ. ಸುತ್ತಲಿನ ಗಾಳಿ ಕಡಿಮೆ ಒತ್ತಡದ ನಡುವಿನ ಕಡೆಗೆ ನೇರವಾಗಿ ನುಗ್ಗುತ್ತದೆ. ಹೋಗುತ್ತಾ ಹೋಗುತ್ತಾ ಬಲಕ್ಕೆ ವಾಲುತ್ತದೆ. ಬಲಕ್ಕೆ ಸರಿದ ಮೇಲೆ ಆ ನಡುಬಿಂದು ಅದರ ಎಡಗೈ ಕಡೆ ಉಳಿಯಿತು. ಎಡಗೈಗೆ ಗರ್ಭಗುಡಿ ಇಟ್ಟುಕೊಂಡು ಸುತ್ತಿದರೆ ಅಪ್ರದಕ್ಷಿಣೆ. ಅಷ್ಟೇ. ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರ, ಜಪಾನಿನ ಟೈಫೂನು, ಅಮೆರಿಕದ ಹರಿಕೇನು ಎಲ್ಲಕ್ಕೂ ಅಪ್ರದಕ್ಷಿಣೆ. ಆಸ್ಟ್ರೇಲಿಯಾ, ಮಡಗಾಸ್ಕರ್ ಕಡೆ ಗಾಳಿ ಎಡಕ್ಕೆ ವಾಲುವುದರಿಂದ ಪ್ರದಕ್ಷಿಣೆ. ಒಂದು ಸಲ ಕೈಯಾಡಿಸಿ ನೋಡಿ, ಮತ್ತೆ ಮರೆಯುವುದಿಲ್ಲ.

ಎಡವುವ ಇನ್ನೊಂದು ಜಾಗ ಚಂಡಮಾರುತದ ಕಣ್ಣು, ಅಂದರೆ ಅದರ ನಟ್ಟನಡುವಿನ ಭಾಗ. 2020ರ ಯುಪಿಎಸ್‌ಸಿ ಪೂರ್ವಭಾವಿಯಲ್ಲಿ ಮೂರು ಹೇಳಿಕೆ ಕೊಟ್ಟಿದ್ದರು: ಜೆಟ್ ಪ್ರವಾಹ (ತುಂಬಾ ಎತ್ತರದಲ್ಲಿ ಬೀಸುವ ವೇಗದ ಗಾಳಿ) ಉತ್ತರ ಗೋಳಾರ್ಧದಲ್ಲಿ ಮಾತ್ರ ಇರುತ್ತದೆ, ಕೆಲವು ಚಂಡಮಾರುತಗಳಿಗೆ ಮಾತ್ರ ಕಣ್ಣು ಮೂಡುತ್ತದೆ, ಕಣ್ಣಿನ ಒಳಗಿನ ತಾಪಮಾನ ಸುತ್ತಲಿಗಿಂತ ಸುಮಾರು 10 ಡಿಗ್ರಿ ಕಡಿಮೆ ಇರುತ್ತದೆ. ಎರಡನೆಯದು ಮಾತ್ರ ಸರಿ. ನನ್ನ ತರಗತಿಯಲ್ಲಿ ಇದನ್ನು ಕೊಟ್ಟಾಗಲೆಲ್ಲ ಮೂರನೆಯದಕ್ಕೆ ಅರ್ಧ ಮಂದಿ ಟಿಕ್ ಹಾಕುತ್ತಾರೆ. ಯಾಕೆ ಅಂತ ಕೇಳಿದರೆ, ‘ಕಣ್ಣು ಶಾಂತ ಸರ್, ಶಾಂತ ಅಂದ ಮೇಲೆ ತಂಪು’ ಅನ್ನುತ್ತಾರೆ. ಶಾಂತವಾಗಿರುವುದೇನೋ ನಿಜ. ಆದರೆ ಅಲ್ಲಿ ಗಾಳಿ ಮೇಲಿಂದ ಕೆಳಕ್ಕೆ ಇಳಿಯುತ್ತಿರುತ್ತದೆ. ಇಳಿದ ಗಾಳಿ ಒತ್ತಿಕೊಳ್ಳುತ್ತದೆ, ಒತ್ತಿಕೊಂಡ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದು ಆದ ಮೇಲೆ ಅದರ ಬುಡ ಮುಟ್ಟಿ ನೋಡಿ. ಕಣ್ಣು ಸುತ್ತಲಿಗಿಂತ ಬೆಚ್ಚಗಿರುತ್ತದೆ, ಅದರಲ್ಲೂ ಮೇಲ್ಭಾಗದಲ್ಲಿ.

‘ಮಾತ್ರ’, ‘ಎಂದಿಗೂ’, ‘ಎಲ್ಲಾ’ ಬಂದರೆ ಹೇಳಿಕೆ ತಪ್ಪು ಅಂತ ಕಣ್ಣು ಮುಚ್ಚಿ ಹೊಡೆಯಿರಿ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಈ ಪ್ರಶ್ನೆಯನ್ನೇ ನೋಡಿ. ಮೊದಲ ಹೇಳಿಕೆಯಲ್ಲಿ ‘ಮಾತ್ರ’ ಇದೆ, ತಪ್ಪು. ಎರಡನೆಯದರಲ್ಲೂ ‘ಮಾತ್ರ’ ಇದೆ, ಆದರೆ ಸರಿ. ಆ ಉಪಾಯ ನಂಬಿದವರು ಇಲ್ಲಿ ಮುಗ್ಗರಿಸಿದರು.

ಹಾಗಂತ ಆ ಪದಗಳನ್ನು ಗಮನಿಸಲೇಬಾರದು ಅಂತಲ್ಲ. ಸಮಭಾಜಕ ವೃತ್ತದಿಂದ ಸುಮಾರು 5 ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದಿಲ್ಲ ಅಂತ ಪಾಠ ಹೇಳುತ್ತದೆ, ಅಲ್ಲಿ ಕೊರಿಯೊಲಿಸ್ ಬಲ ತೀರಾ ಕಡಿಮೆ. ಆದರೂ 2001ರ ಡಿಸೆಂಬರಿನಲ್ಲಿ ವಾಮೇ ಅನ್ನುವ ಟೈಫೂನು ಸಿಂಗಪುರದ ಹತ್ತಿರ, ಎರಡು ಡಿಗ್ರಿಗೂ ಕಡಿಮೆ ಅಕ್ಷಾಂಶದಲ್ಲಿ ಎದ್ದಿತ್ತು. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಹುಟ್ಟುವುದಿಲ್ಲ ಅನ್ನುತ್ತೇವೆ. 2004ರ ಮಾರ್ಚ್‌ನಲ್ಲಿ ಕತರೀನಾ ಅಲ್ಲೇ ಹುಟ್ಟಿ ಬ್ರೆಜಿಲ್‌ಗೆ ಅಪ್ಪಳಿಸಿತು. 2005ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಮುಳುಗಿಸಿದ ಕತ್ರಿನಾ ಬೇರೆ, ಇದು ಬೇರೆ. ಹಾಗಾಗಿ ‘ಸಾಮಾನ್ಯವಾಗಿ ಹುಟ್ಟುವುದಿಲ್ಲ’ ಅಂದರೆ ಸರಿ ಹಾಕಿ, ‘ಎಂದೂ ಹುಟ್ಟಿಲ್ಲ’ ಅಂದರೆ ತಪ್ಪು ಹಾಕಿ.

ಬಂಗಾಳ ಕೊಲ್ಲಿಯಲ್ಲಿ ಯಾಕೆ ಜಾಸ್ತಿ, ಅರಬ್ಬಿಯಲ್ಲಿ ಯಾಕೆ ಕಡಿಮೆ ಅನ್ನುವುದೂ ಕೇಳಿ ಕೇಳಿ ಹಳತಾದ ಪ್ರಶ್ನೆ. ಹಳೇ ಲೆಕ್ಕದಲ್ಲಿ ನಾಲ್ಕಕ್ಕೆ ಒಂದು. ಗಂಗಾ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣಾ ಎಲ್ಲಾ ಸಿಹಿನೀರು ಸುರಿಯುವುದು ಬಂಗಾಳ ಕೊಲ್ಲಿಗೆ. ಸಿಹಿನೀರು ಹಗುರ, ಮೇಲೆ ತೇಲುತ್ತದೆ, ಕೆಳಗಿನ ತಣ್ಣನೆ ನೀರನ್ನು ಮೇಲೆ ಬರಲು ಬಿಡುವುದಿಲ್ಲ. ಮೇಲ್ಪದರ ಬಿಸಿಯಾಗೇ ಉಳಿಯುತ್ತದೆ. ಸಾಲದ್ದಕ್ಕೆ ಪೆಸಿಫಿಕ್ ಕಡೆ ಸತ್ತ ಟೈಫೂನುಗಳ ಚೂರುಪಾರು ಇಲ್ಲಿಗೆ ಬಂದು ಮತ್ತೆ ಜೀವ ಪಡೆಯುತ್ತವೆ. ಅರಬ್ಬಿಯಲ್ಲಿ ಮುಂಗಾರು ಗಾಳಿ ನೀರನ್ನು ಕಲಕುತ್ತದೆ, ತಣ್ಣನೆ ನೀರು ಮೇಲೇಳುತ್ತದೆ. ಆದರೆ ಈಗ ಅರಬ್ಬಿಯೂ ಬಿಸಿಯಾಗುತ್ತಿದೆ. 2007ರಲ್ಲಿ ಗೋನು, 2019ರಲ್ಲಿ ಕ್ಯಾರ್, ಎರಡೂ ಅಲ್ಲೇ ಸೂಪರ್ ಸೈಕ್ಲೋನ್, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಚಂಡಮಾರುತ ಆದವು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಮೂರೂ ಜಿಲ್ಲೆಗಳನ್ನು ತಟ್ಟಿಹೋಗಿದ್ದು ನಿಮಗೂ ನೆನಪಿರಬಹುದು. ಅದಕ್ಕೇ ಹಳೇ ಗೈಡಿನ ‘ಅರಬ್ಬಿಯಲ್ಲಿ ತೀರಾ ಅಪರೂಪ’ ಅನ್ನುವ ಸಾಲನ್ನು ಪೆನ್ಸಿಲ್ಲಿನಲ್ಲಿ ಹೊಡೆದುಬಿಡಿ. ಮುಂಗಾರಿನ ನಡುವೆ ಯಾಕೆ ಚಂಡಮಾರುತ ಕಡಿಮೆ ಅಂತ ಕೇಳಿದರೆ, ಸಮುದ್ರ ತಣ್ಣಗಿರುತ್ತದೆ ಅನ್ನುವುದು ಪೂರ್ತಿ ಉತ್ತರವಲ್ಲ. ಕೆಳಗೆ ಪಶ್ಚಿಮದ ಗಾಳಿ, ಮೇಲೆ ಪೂರ್ವದ ಜೆಟ್. ಎದುರುಬದುರು ಎಳೆದಾಡಿದರೆ ಚಂಡಮಾರುತದ ಕಂಬ ನೆಟ್ಟಗೆ ನಿಲ್ಲುವುದಿಲ್ಲ.

ಈಗ 8 ಮತ್ತು 13ರ ಜಗಳ. ಎರಡೂ ಸರಿ. ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳಿಗೆ ಹೆಸರಿಡೋಣ ಅಂತ 2000ದಲ್ಲಿ ಮಸ್ಕತ್‌ನಲ್ಲಿ ಒಪ್ಪಿಗೆಯಾಯಿತು. 2004ರಲ್ಲಿ ಹೆಸರಿಡುವುದು ಶುರುವಾಯಿತು, ಮೊದಲ ಹೆಸರು ಬಾಂಗ್ಲಾದೇಶ ಕೊಟ್ಟ ಓನಿಲ್. ಆಗ 8 ದೇಶ, ತಲಾ 8 ಹೆಸರು, ಒಟ್ಟು 64. 2018ರಲ್ಲಿ ಇರಾನ್, ಕತಾರ್, ಸೌದಿ ಅರೇಬಿಯಾ, ಯುಎಇ, ಯೆಮೆನ್ ಸೇರಿದವು. 2020ರ ಏಪ್ರಿಲ್‌ನಲ್ಲಿ ಹೊಸ ಪಟ್ಟಿ ಬಂತು: 13 ದೇಶ, ತಲಾ 13, ಒಟ್ಟು 169. ಹಳೇ ಪಟ್ಟಿಯ ಕೊನೇ ಹೆಸರು ಆಂಫನ್, ಹೊಸದರ ಮೊದಲನೆಯದು ನಿಸರ್ಗ. ಎರಡೂ 2020ರಲ್ಲೇ ಬಂದವು, ಒಂದು ಮೇನಲ್ಲಿ, ಒಂದು ಜೂನ್‌ನಲ್ಲಿ. ಪ್ರಶ್ನೆ ತೆಗೆಯುವವರಿಗೆ ಇದು ಹಬ್ಬದೂಟ.

169 ಹೆಸರು ಬಾಯಿಪಾಠ ಮಾಡುವ ಹುಚ್ಚು ಬೇಡ. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ದೇಶಗಳ ಸಾಲು ಗೊತ್ತಿದ್ದರೆ ಸಾಕು: ಬಾಂಗ್ಲಾದೇಶ, ಇಂಡಿಯಾ, ಇರಾನ್, ಮಾಲ್ಡೀವ್ಸ್, ಮ್ಯಾನ್ಮಾರ್, ಒಮಾನ್, ಪಾಕಿಸ್ತಾನ, ಕತಾರ್, ಸೌದಿ, ಶ್ರೀಲಂಕಾ, ಥಾಯ್ಲೆಂಡ್, ಯುಎಇ, ಯೆಮೆನ್. ಒಂದು ಸುತ್ತು ಮುಗಿದರೆ ಮತ್ತೆ ಬಾಂಗ್ಲಾದೇಶ. 2024ರ ನವೆಂಬರಿನ ಫೆಂಗಲ್ ಸೌದಿಯದ್ದು ಅಂತ ನಿಮಗೆ ಗೊತ್ತು ಅಂದುಕೊಳ್ಳಿ. ಹಾಗಾದರೆ ಅದರ ಹಿಂದಿನ ದಾನಾ ಕತಾರ್‌ದು, ಅದಕ್ಕೂ ಹಿಂದಿನ ಅಸ್ನಾ ಪಾಕಿಸ್ತಾನದ್ದು. ಮುಂದಿನ ಶಕ್ತಿ ಶ್ರೀಲಂಕಾದ್ದು, ಮೊಂಥಾ ಥಾಯ್ಲೆಂಡಿನದು, ಸೆನ್ಯಾರ್ ಯುಎಇಯದು, ದಿತ್ವಾ ಯೆಮೆನ್‌ದು. ಒಂದು ಗೂಟ ಹಿಡಿದರೆ ಇಡೀ ಬೇಲಿ ಸಿಗುತ್ತದೆ. ಭಾರತ ಕೊಟ್ಟವುಗಳಲ್ಲಿ ಬಂದುಹೋದದ್ದು ಗತಿ ಮತ್ತು ತೇಜ್, ಮುಂದಿನದು ಮುರಸು.

ಹೆಸರು ಯಾವಾಗ ಸಿಗುತ್ತದೆ ಅನ್ನುವುದು ಇದಕ್ಕಿಂತ ಒಳ್ಳೆ ಪ್ರಶ್ನೆ. ವಾಯುಭಾರ ಕುಸಿತಕ್ಕೆ ಹೆಸರಿಲ್ಲ, ತೀವ್ರ ವಾಯುಭಾರ ಕುಸಿತಕ್ಕೂ ಇಲ್ಲ. ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿ ಚಂಡಮಾರುತ ಆದ ಮೇಲೆ ಮಾತ್ರ ನವದೆಹಲಿಯ ಹವಾಮಾನ ಇಲಾಖೆ ಹೆಸರು ಹಚ್ಚುತ್ತದೆ. ಒಮ್ಮೆ ಬಳಸಿದ ಹೆಸರು ಇಲ್ಲಿ ಮತ್ತೆ ಬರುವುದಿಲ್ಲ. 1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಬಡಿದ ಸೂಪರ್ ಸೈಕ್ಲೋನ್‌ಗೆ ಹೆಸರೇ ಇರಲಿಲ್ಲ, ಪದ್ಧತಿಯೇ ಇನ್ನೂ ಶುರುವಾಗಿರಲಿಲ್ಲವಲ್ಲ.

ಗಾಳಿಗೆ ಸೇರಿದ ಇನ್ನೊಂದು ಮಾತು, ಕನ್ನಡದಲ್ಲಿ ಬರೆಯುವ ನಮಗಾಗಿ. ಸುದ್ದಿಯಲ್ಲಿ ಚಂಡಮಾರುತ, ಬಿರುಗಾಳಿ, ಸುಂಟರಗಾಳಿ ಮೂರನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಪರೀಕ್ಷೆಯಲ್ಲಿ ಸುಂಟರಗಾಳಿ ಅಂದರೆ ಸಾಮಾನ್ಯವಾಗಿ ಟಾರ್ನೆಡೋ. ಅದು ನೆಲದ ಮೇಲಿನದು, ಸಣ್ಣದು, ನಿಮಿಷಗಳ ಆಟ. ಚಂಡಮಾರುತ ಸಮುದ್ರದ್ದು, ನೂರಾರು ಕಿಲೋಮೀಟರ್ ಅಗಲ, ದಿನಗಟ್ಟಲೆ ಇರುತ್ತದೆ. ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿದ್ದರೆ, ಕನ್ನಡದ ಪದ ಕೊಂಚ ವಿಚಿತ್ರ ಅನಿಸಿದ ಕೂಡಲೇ ಇಂಗ್ಲಿಷ್ ಸಾಲಿಗೆ ಕಣ್ಣು ಹಾಯಿಸಿ. ಇದರಲ್ಲಿ ನಾಚಿಕೆ ಏನಿಲ್ಲ. ಹಾಗೇ ‘ವಿಲ್ಲಿ ವಿಲ್ಲಿ’. ನಮ್ಮ ಪಠ್ಯಪುಸ್ತಕಗಳು ಅದನ್ನು ಆಸ್ಟ್ರೇಲಿಯಾದ ಚಂಡಮಾರುತ ಅನ್ನುತ್ತವೆ. ಆಸ್ಟ್ರೇಲಿಯಾದವರನ್ನು ಕೇಳಿದರೆ ಬಯಲಲ್ಲಿ ಏಳುವ ಧೂಳಿನ ಸುಳಿ ಅನ್ನುತ್ತಾರೆ. ಹೊಂದಿಸಿ ಬರೆಯಿರಿ ಅಂತ ಬಂದರೆ ಪಠ್ಯಪುಸ್ತಕದಂತೆ ಬರೆದು ಅಂಕ ತೆಗೆದುಕೊಳ್ಳಿ, ಜಗಳ ಆಮೇಲೆ.

ಗಾಳಿಗೂ ಹಕ್ಕಿಗೂ ನಡುವೆ ಶಾಹೀನ್ ಕೂತಿದೆ. ಶಾಹೀನ್ ಅಂದರೆ ಡೇಗೆ. ನಮ್ಮ ದೇಶದಲ್ಲಿ ಪೆರಿಗ್ರಿನ್ ಡೇಗೆಯ ಒಂದು ಉಪಜಾತಿಗೆ ಇದೇ ಹೆಸರು. 2021ರ ಸೆಪ್ಟೆಂಬರಿನಲ್ಲಿ ಗುಲಾಬ್ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿ ಆಂಧ್ರದ ಕಳಿಂಗಪಟ್ಟಣದ ಹತ್ತಿರ ದಡ ಸೇರಿತು, ನೆಲದ ಮೇಲೆ ಸೊರಗುತ್ತಾ ದೇಶವನ್ನು ದಾಟಿತು. ಅರಬ್ಬಿಗೆ ಇಳಿದ ಮೇಲೆ ಉಳಿದ ಸುಳಿಗೆ ಮತ್ತೆ ಬಲ ಬಂತು. ಆಗ ಅದಕ್ಕೆ ಹೊಸ ಹೆಸರು ಸಿಕ್ಕಿತು, ಕತಾರ್ ಕೊಟ್ಟ ಶಾಹೀನ್. ಬಡಿದದ್ದು ಒಮಾನ್‌ಗೆ. ಹೆಸರು ಕೊಟ್ಟ ದೇಶ ಯಾವುದು, ಪೆಟ್ಟು ತಿಂದ ದೇಶ ಯಾವುದು ಅಂತ ಎರಡನ್ನೂ ಬೇರೆ ಮಾಡಿ ನೆನಪಿಡಿ. ಇನ್ನು ನಿಜವಾದ ಹಕ್ಕಿಗಳ ಮಾತಾದರೆ, ಚಂಡಮಾರುತ ಹೋದ ಮರುದಿನ ಕಡಲ ನಡುವೆ ಬಾಳುವ ಫ್ರಿಗೇಟ್ ಹಕ್ಕಿ, ಸೂಟಿ ಟರ್ನ್ ಅಂಥವು ದೂರದ ಒಳನಾಡಿನ ಕೆರೆಗಳಲ್ಲಿ ಸುಸ್ತಾಗಿ ಕೂತಿರುವುದುಂಟು. ಪಕ್ಷಿ ವೀಕ್ಷಕರು ಆ ದಿನ ಕೆಲಸಕ್ಕೆ ರಜೆ ಹಾಕುತ್ತಾರೆ.

ಹಕ್ಕಿಗಳ ದರ್ಜೆಗೆ ಬರೋಣ. ಇಲ್ಲೂ ಮೊದಲ ಗೊಂದಲ ಕನ್ನಡದ್ದೇ. ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿಯಲ್ಲಿ ಅಪಾಯದ ಮೆಟ್ಟಿಲು ಮೂರು: ವಲ್ನರಬಲ್, ಎಂಡೇಂಜರ್ಡ್, ಕ್ರಿಟಿಕಲಿ ಎಂಡೇಂಜರ್ಡ್. ಮೂರಕ್ಕೂ ಸೇರಿಸಿ ಥ್ರೆಟನ್ಡ್ ಅನ್ನುತ್ತಾರೆ. ಕನ್ನಡದಲ್ಲಿ ಈ ನಾಲ್ಕಕ್ಕೂ ‘ಅಳಿವಿನಂಚಿನ’ ಅಂತಲೇ ಬರೆದುಬಿಡುತ್ತೇವೆ. ನೋಟ್ಸ್ ಮಾಡುವಾಗ ನಿಮ್ಮದೇ ಒಂದು ಪದ ಗೊತ್ತು ಮಾಡಿಕೊಳ್ಳಿ. ನಾನು ಮೊದಲ ಮೆಟ್ಟಿಲಿಗೆ ‘ಅಪಾಯ’, ಎರಡನೆಯದಕ್ಕೆ ‘ಅಳಿವಿನಂಚು’, ಮೂರನೆಯದಕ್ಕೆ ‘ತೀವ್ರ ಅಳಿವಿನಂಚು’ ಅಂತ ಬರೆದುಕೊಳ್ಳುತ್ತೇನೆ.

ಎರಡನೆಯ ಗೊಂದಲ ನಿಮ್ಮ ಗೆಳತಿಯದ್ದು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆ, ಕೆಂಪು ಪಟ್ಟಿ ಬೇರೆ. ಕಾಯ್ದೆ 1972ರದ್ದು, ನಮ್ಮ ದೇಶದ್ದು. ಯಾವ ಪ್ರಾಣಿಯನ್ನು ಕೊಂದರೆ ಎಷ್ಟು ಶಿಕ್ಷೆ ಅಂತ ಹೇಳುವುದು ಅದರ ಕೆಲಸ. ಕೆಂಪು ಪಟ್ಟಿ ಇಡೀ ಜಗತ್ತಿನದು, ಒಂದು ಜೀವಿ ಅಳಿದುಹೋಗುವ ಅಪಾಯ ಎಷ್ಟಿದೆ ಅಂತ ಅಳೆಯುತ್ತದೆ. ನವಿಲು 1963ರಿಂದ ರಾಷ್ಟ್ರಪಕ್ಷಿ, ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಕೆಂಪು ಪಟ್ಟಿಯಲ್ಲಿ ಮಾತ್ರ ‘ಲೀಸ್ಟ್ ಕನ್ಸರ್ನ್’, ಅಂದರೆ ಚಿಂತೆಯಿಲ್ಲದ ದರ್ಜೆ. ನಿಮ್ಮ ಕಡೆ ಹೊಲದಲ್ಲಿ ಬಿತ್ತಿದ ಕಾಳು ಹೆಕ್ಕುವ ನವಿಲುಗಳನ್ನು ಕಂಡ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಂದಹಾಗೆ 2022ರ ತಿದ್ದುಪಡಿಯಲ್ಲಿ ಆರು ಅನುಸೂಚಿಗಳು ನಾಲ್ಕಾದವು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ‘ಐದನೇ ಅನುಸೂಚಿಯಲ್ಲಿ ಕಾಗೆ, ಇಲಿ’ ಅಂತ ನಿಮ್ಮ ಗೈಡಿನಲ್ಲಿ ಇನ್ನೂ ಇದ್ದರೆ ಅದು ಹಳೇ ಗೈಡು.

ಗುಬ್ಬಚ್ಚಿಯ ಕಥೆಯೂ ಇಲ್ಲೇ ಸೇರುತ್ತದೆ. ಮೊಬೈಲ್ ಟವರಿನಿಂದ ಗುಬ್ಬಚ್ಚಿ ನಾಶವಾಯಿತು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. 2020ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಪ್ರಕಾರ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಹಾಗೇ ಇದೆ, ದೊಡ್ಡ ನಗರಗಳಲ್ಲಿ ಕಡಿಮೆಯಾಗಿದೆ ಅಷ್ಟೇ. ಕೆಂಪು ಪಟ್ಟಿಯಲ್ಲಿ ಅದಕ್ಕೂ ಚಿಂತೆಯಿಲ್ಲದ ದರ್ಜೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ನಿಧಾನಕ್ಕೆ ಓದಿ. ಹಕ್ಕಿ ಕಡಿಮೆ ಇದ್ದರೆ ಅಳಿವಿನಂಚು, ಜಾಸ್ತಿ ಇದ್ದರೆ ಅಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಕೆಂಪು ಪಟ್ಟಿ ಹಾಗೆ ಲೆಕ್ಕ ಹಾಕುವುದಿಲ್ಲ. ಎಷ್ಟಿವೆ ಅನ್ನುವುದರ ಜೊತೆಗೆ ಎಷ್ಟು ಬೇಗ ಕುಸಿಯುತ್ತಿವೆ, ಎಷ್ಟು ಸಣ್ಣ ಜಾಗಕ್ಕೆ ಸೀಮಿತವಾಗಿವೆ ಅಂತಲೂ ನೋಡುತ್ತದೆ. ಬೆಳೆದ ಹಕ್ಕಿಗಳು 50ಕ್ಕಿಂತ ಕಡಿಮೆಯಾದರೆ ತೀವ್ರ ಅಳಿವಿನಂಚು. ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ಉದ್ದವೋ ಅಷ್ಟರೊಳಗೆ 80 ಶೇಕಡಾ ಕುಸಿದರೂ ತೀವ್ರ ಅಳಿವಿನಂಚು, ಸಾವಿರಾರು ಉಳಿದಿದ್ದರೂ ಸರಿಯೇ.

ರಣಹದ್ದು ಇದಕ್ಕೆ ಸರಿಯಾದ ಉದಾಹರಣೆ. ಬಿಳಿ ಬೆನ್ನಿನ ರಣಹದ್ದು ಒಂದು ಕಾಲದಲ್ಲಿ ಊರೂರಿನ ಸತ್ತ ದನದ ಮೇಲೆ ಹಿಂಡುಹಿಂಡಾಗಿ ಇಳಿಯುತ್ತಿತ್ತು. 1992ರಿಂದ 2007ರೊಳಗೆ ನಮ್ಮ ದೇಶದಲ್ಲಿ 99.9 ಶೇಕಡಾ ಹೋಯಿತು. ಬೇಟೆಯಲ್ಲ, ಹಸಿವಲ್ಲ, ರೋಗವೂ ಅಲ್ಲ. ದನಕ್ಕೆ ನೋವು, ಬಾವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ. ಆ ಔಷಧಿ ಹಾಕಿಸಿಕೊಂಡು ಸತ್ತ ದನದ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು, ಒಳಗೆ ಯೂರಿಕ್ ಆಮ್ಲ ಬಿಳಿ ಸುಣ್ಣದಂತೆ ಕಟ್ಟಿಕೊಂಡು ಸಾಯುತ್ತಿತ್ತು. ಇದು 2004ರ ಹೊತ್ತಿಗೆ ಖಚಿತವಾಯಿತು. 2006ರಲ್ಲಿ ದನಗಳಿಗೆ ಕೊಡುವುದನ್ನು ನಿಷೇಧಿಸಿದರು. ಮನುಷ್ಯರ ಔಷಧಿಯ ದೊಡ್ಡ ಬಾಟಲಿ ದನಕ್ಕೆ ಬಳಕೆಯಾಗುತ್ತಿದೆ ಅಂತ 2015ರಲ್ಲಿ ಅದನ್ನು 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಮೇಲೂ ನಿಷೇಧ ಬಂತು. ಮೆಲಾಕ್ಸಿಕಾಮ್ ಹದ್ದಿಗೆ ಅಪಾಯವಿಲ್ಲದ ಔಷಧಿ. 2012ರ ಯುಪಿಎಸ್‌ಸಿ ಪ್ರಶ್ನೆ ಹದ್ದುಗಳು ಅಳಿದ ಕಾರಣವನ್ನೇ ಕೇಳಿತ್ತು. ಅದೇ ವರ್ಷ ರಾಮನಗರದ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು, ಅಲ್ಲಿರುವುದು ಉದ್ದ ಕೊಕ್ಕಿನ ರಣಹದ್ದು. ನೋಡಿ, ಕಾರಣ ಒಂದು ತಿಳಿದರೆ ಎಷ್ಟು ಪ್ರಶ್ನೆಗೆ ಉತ್ತರ ಹುಟ್ಟುತ್ತದೆ. ನಮ್ಮ 9 ಬಗೆಯ ರಣಹದ್ದುಗಳಲ್ಲಿ ಬಿಳಿ ಬೆನ್ನಿನದು, ಉದ್ದ ಕೊಕ್ಕಿನದು, ತೆಳು ಕೊಕ್ಕಿನದು, ಕೆಂಪು ತಲೆಯದು ನಾಲ್ಕೂ ತೀವ್ರ ಅಳಿವಿನಂಚು. ಈಜಿಪ್ಷಿಯನ್ ರಣಹದ್ದು ಅಳಿವಿನಂಚು.

ಇನ್ನು ದರ್ಜೆ ಬದಲಾದವರ ಸಾಲು. ಫಾರೆಸ್ಟ್ ಔಲೆಟ್ ನೂರಕ್ಕೂ ಜಾಸ್ತಿ ವರ್ಷ ಕಾಣದೆ, 1997ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಸಿಕ್ಕಿತು. ಮೊದಲು ತೀವ್ರ ಅಳಿವಿನಂಚು, ಇನ್ನಷ್ಟು ಕಡೆ ಕಂಡಿದ್ದರಿಂದ 2018ರಲ್ಲಿ ಅಳಿವಿನಂಚಿಗೆ ಇಳಿಯಿತು. ಹಾಗಾಗಿ ನಿಮ್ಮ ಎರಡನೇ ಗೈಡು ಹೊಸದು. ಹುಲ್ಲುಗಾವಲಿನ ಹಕ್ಕಿ ಲೆಸ್ಸರ್ ಫ್ಲೋರಿಕನ್ ಉಲ್ಟಾ, 2021ರಲ್ಲಿ ತೀವ್ರಕ್ಕೆ ಏರಿತು. ಅಸ್ಸಾಂನ ಹರ್ಗಿಲಾ ಕೊಕ್ಕರೆ ಅಳಿವಿನಂಚಿನಿಂದ 2023ರಲ್ಲಿ ಮೂರು ಮೆಟ್ಟಿಲಿನ ಆಚೆಗೇ ದಾಟಿತು. ದೊಡ್ಡ ಮಂಗಟ್ಟೆ 2018ರಲ್ಲಿ ‘ಅಪಾಯ’ದ ಮೆಟ್ಟಿಲು ಹತ್ತಿತು. ಎರೆಭೂತ 2011ರಲ್ಲಿ ತೀವ್ರ ಅಳಿವಿನಂಚಿಗೆ ಹೋಯಿತು. ಮಜಾ ಏನೆಂದರೆ 2012ರ ಯುಪಿಎಸ್‌ಸಿ ಪ್ರಶ್ನೆಯೊಂದು ಅದನ್ನು ಕಸ್ತೂರಿ ಮೃಗ, ಕೆಂಪು ಪಾಂಡಾಗಳ ಜೊತೆ ‘ಎಂಡೇಂಜರ್ಡ್’ ಗುಂಪಿಗೆ ಸೇರಿಸಿ ಆಯ್ಕೆ ಕೊಟ್ಟಿತ್ತು. ಇಂಥ ಕಡೆ ಪ್ರಶ್ನೆಯನ್ನು ತಿದ್ದಲು ಹೋಗಬೇಡಿ. ಚೀತಲ್, ನೀಲಗಾಯ್ ಅಂಥ ಮಾಮೂಲಿ ಪ್ರಾಣಿ ಇರುವ ಗುಂಪನ್ನು ಹೊಡೆದುಹಾಕಿ, ಉಳಿದದ್ದರಲ್ಲಿ ಒಳ್ಳೆಯದನ್ನು ಆರಿಸಿ.

ಸುದ್ದಿಯಲ್ಲಿದ್ದ ಮಾತ್ರಕ್ಕೆ ಅಪಾಯದಲ್ಲಿದೆ ಅಂತಲೂ ಅಲ್ಲ. ನಾಗಾಲ್ಯಾಂಡಿನ ಅಮೂರ್ ಡೇಗೆ ಲಕ್ಷಗಟ್ಟಲೆ ಬರುತ್ತದೆ, ಅದು ಚಿಂತೆಯಿಲ್ಲದ ದರ್ಜೆ. ಗದಗಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತೂ ಹಾಗೇ. ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು, ಹಕ್ಕಿಗೆ ಮಾತ್ರ ಅಪಾಯವಿಲ್ಲ.

ಎರಡು ತಿಂಗಳಲ್ಲಿ ಏನು ಮಾಡಬಹುದು? ಒಂದೇ ಗೈಡು ಹಿಡಿದು ಬಾಯಿಪಾಠ ಮಾಡುವುದು ಸುಲಭದ ದಾರಿ, ಮನಸ್ಸಿಗೂ ಹಾಯಿ. ಆದರೆ ಆ ಗೈಡು ನಿಂತಿರುವ ವರ್ಷದಲ್ಲೇ ನೀವೂ ನಿಲ್ಲುತ್ತೀರಿ. ಬರೀ ಮಾಸಿಕ ಪ್ರಚಲಿತ ಪುಸ್ತಕ ಓದಿದರೆ ಹೊಸದು ಗೊತ್ತಾಗುತ್ತದೆ, ಬುಡ ಇರುವುದಿಲ್ಲ. ಕಣ್ಣಿನ ತಾಪಮಾನದಂಥ ಪ್ರಶ್ನೆಗೆ ಅದು ಯಾವ ಕೆಲಸಕ್ಕೂ ಬಾರದು. ಪೂರ್ತಿ ಬಿಡುವುದೂ ಒಂದು ದಾರಿಯೇ, ಕೆಲವರಿಗೆ ನಾನೇ ಹೇಳಿದ್ದೇನೆ, ಸಂವಿಧಾನವೇ ಗಟ್ಟಿ ಇಲ್ಲದವರಿಗೆ. ನಿಮಗೆ ಅದು ಬೇಡ.

ನಿಮಗೆ ನಾನು ಹೇಳುವುದು ಎರಡು ಹಾಳೆ. ಒಂದು ಹಾಳೆಯಲ್ಲಿ ಅಲುಗಾಡದ್ದು: ಗಾಳಿಯ ದಿಕ್ಕು, ಕಣ್ಣು, 62 ಕಿಲೋಮೀಟರ್, ದೇಶಗಳ ಸಾಲು, ಕೆಂಪು ಪಟ್ಟಿಯ ಲೆಕ್ಕ, ಹದ್ದಿನ ಕಥೆ. ಇನ್ನೊಂದರಲ್ಲಿ ಓಡಾಡುವುದು, ಒಂದು ಮೂವತ್ತು ಹಕ್ಕಿ, ಈಚಿನ ಹತ್ತು ಚಂಡಮಾರುತ. ಇಸವಿ ಇಲ್ಲದ ಯಾವ ಸಾಲನ್ನೂ ಈ ಹಾಳೆಗೆ ಬರೆಯಬೇಡಿ. ಗೈಡುಗಳ ನಡುವೆ ಜಗಳ ಬಂದರೆ ನಾಲ್ಕನೇ ಗೈಡು ಕೊಳ್ಳಬೇಡಿ. ಹಕ್ಕಿಯ ದರ್ಜೆಯನ್ನು ಐಯುಸಿಎನ್ ಕೆಂಪು ಪಟ್ಟಿಯಲ್ಲಿ, ಚಂಡಮಾರುತವನ್ನು ಹವಾಮಾನ ಇಲಾಖೆಯ ತಾಣದಲ್ಲಿ ನೀವೇ ಹುಡುಕಿ, ಎರಡು ನಿಮಿಷದ ಕೆಲಸ. ಇದರಲ್ಲೂ ಒಂದು ಅಪಾಯವಿದೆ: ಹೀಗೆ ಹುಡುಕುತ್ತಾ ಕೂತರೆ ರುಚಿ ಹತ್ತಿ ಇಡೀ ಮಧ್ಯಾಹ್ನ ಹೋಗುತ್ತದೆ. ದಿನಕ್ಕೆ ಅರ್ಧ ಗಂಟೆ ಅಂತ ಗೆರೆ ಎಳೆದುಕೊಳ್ಳಿ.

ಉತ್ತರ ಗೊತ್ತಿಲ್ಲದಾಗ ಊಹಿಸುವುದೋ ಬಿಡುವುದೋ? ಕೆಎಎಸ್ ಪೂರ್ವಭಾವಿಯಲ್ಲಿ ತಪ್ಪಿಗೆ ಕಾಲು ಭಾಗ ಅಂಕ ಹೋಗುತ್ತದೆ. ನಾಲ್ಕರಲ್ಲಿ ಕುರುಡು ಊಹೆ ಮಾಡಿದರೆ ಸಿಗುವ ಲಾಭ ಇಲ್ಲ ಅನ್ನುವಷ್ಟು ಸಣ್ಣದು. ಎರಡು ಆಯ್ಕೆ ಹೊಡೆದುಹಾಕಿ ಉಳಿದ ಎರಡರಲ್ಲಿ ಊಹಿಸಿದರೆ ನೂರು ಅಂಕದ ಪ್ರಶ್ನೆಗಳಿಗೆ ಸರಾಸರಿ 37.5 ಅಂಕ ಉಳಿಯುತ್ತದೆ. ಮೊದಲ ಹಾಳೆ ಗಟ್ಟಿಯಿದ್ದರೆ ಎರಡು ಆಯ್ಕೆ ಹೊಡೆದುಹಾಕುವುದು ಕಷ್ಟವೇನಲ್ಲ.

ಕೊನೆಗೆ ನಿಮ್ಮಪ್ಪನವರ ಮಾತು. ಅವರು ಸುಳ್ಳು ಹೇಳುತ್ತಿಲ್ಲ. 1974ರಲ್ಲಿ ರಾಣೆಬೆನ್ನೂರು ಅಭಯಾರಣ್ಯ ಆದದ್ದು ಕೃಷ್ಣಮೃಗಕ್ಕೆ, ಆದರೆ ಅಲ್ಲಿ ಎರೆಭೂತವೂ ಇತ್ತು. ಹೆಸರನ್ನೇ ನೋಡಿ. ಎರೆ ಅಂದರೆ ನಿಮ್ಮ ಕಡೆಯ ಕಪ್ಪು ನೆಲ. ಆ ನೆಲದ ಬಯಲಲ್ಲಿ, ಹುಲ್ಲಿನ ನಡುವೆ ಮೀಟರ್ ಎತ್ತರಕ್ಕೆ ನಿಂತು, ಹತ್ತಿರ ಹೋದರೆ ಭೂತದಂತೆ ಮಾಯವಾಗುವ ಹಕ್ಕಿ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ಹುಲ್ಲುಗಾವಲನ್ನು ಬಂಜರು ಅಂತ ಬರೆದು ಅಲ್ಲಿ ನೀಲಗಿರಿ ನೆಟ್ಟರು, ಹಕ್ಕಿ ಹೋಯಿತು. ಆಮೇಲೆ ರಾಜ್ಯದಲ್ಲಿ ಬಳ್ಳಾರಿ ಕಡೆಯ ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. ದೇಶದಲ್ಲಿ ಈಗ ಉಳಿದಿರುವುದು ಸುಮಾರು 150, ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಸುತ್ತ. ಕಣ್ಣು ತಲೆಯ ಅಕ್ಕಪಕ್ಕ ಇರುವುದರಿಂದ ಎದುರಿನ ವಿದ್ಯುತ್ ತಂತಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಡಿಕ್ಕಿ ಹೊಡೆದು ಸಾಯುತ್ತವೆ. ಸುಪ್ರೀಂ ಕೋರ್ಟು 2021ರಲ್ಲಿ ತಂತಿಗಳನ್ನು ನೆಲದಡಿ ಹಾಕಿ ಎಂದಿತು, 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ, ಹವಾಮಾನ ಬದಲಾವಣೆಯ ಕೆಡುಕಿನಿಂದ ರಕ್ಷಣೆ ಪಡೆಯುವುದೂ ಹಕ್ಕು ಎಂದಿತು. ಈ ಎರಡೂ ಇಸವಿ ನಿಮ್ಮ ಹಾಳೆಗೆ ಹೋಗಲಿ.

ಪರೀಕ್ಷೆಯಲ್ಲಿ ‘ಈಗ ಹೆಚ್ಚಾಗಿ ಎಲ್ಲಿ’ ಅಂದರೆ ರಾಜಸ್ಥಾನ ಬರೆಯಿರಿ. ‘ಕರ್ನಾಟಕದ ಯಾವ ಅಭಯಾರಣ್ಯಕ್ಕೂ ಇದಕ್ಕೂ ನಂಟು’ ಅಂದರೆ ರಾಣೆಬೆನ್ನೂರು. ಇವತ್ತು ಸಂಜೆ ಅಪ್ಪನವರನ್ನು ಕೂರಿಸಿಕೊಂಡು ಕೇಳಿ: ಯಾವ ಊರಿನ ಬಯಲು, ಯಾವ ತಿಂಗಳು, ಒಂದೇ ಇತ್ತಾ ಜೋಡಿ ಇತ್ತಾ, ಹತ್ತಿರದ ಹೊಲದಲ್ಲಿ ಏನು ಬೆಳೆ ಇತ್ತು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಪಕ್ಕದಲ್ಲಿ ಇಸವಿ ಹಾಕಿ.